ಗ್ವೆರ್ನ್ ಕೋಟೆಗೆ ಹೊರಟ ಬೆಳಿಗ್ಗೆ

ಅತ್ತೆ ನೆಸ್ತಾಳನ್ನು ಎಬ್ಬಿಸಲು ಹೋದ ಲೌರಿ ಚೀರಿದಳು.

ಹೊರಗೆ ಕಾರು ಸಿದ್ಧವಾಗಿತ್ತು. ಮನೆಮಂದಿಯೆಲ್ಲ ಗ್ವೆರ್ನ್ ಕೋಟೆ ನೋಡಲು ಹೊರಟಿದ್ದರು. ಹೆಚ್ಚು ದೂರ ನಡೆಯಲಾಗದ ನೆಸ್ತಾಳ ಗಾಲಿಕುರ್ಚಿ ಎಲ್ಲಿಯವರೆಗೆ ಹೋಗುತ್ತದೆ, ಮಳೆ ಬಂದರೆ ಎಲ್ಲಿ ಕೂತು ತಿನ್ನುವುದು, ಎಲ್ಲ ಯೋಚಿಸಿಯಾಗಿತ್ತು. ನೆಸ್ತಾ ಮಾತ್ರ ಏಳಲಿಲ್ಲ.

ಅದೇ ಊರಿನವಳಾದ ಪೊಲೀಸ್ ಸಾರ್ಜೆಂಟ್ ಮೆರೆರಿದ್ ಬಂದಾಗ ಡಾಕ್ಟರು ಕೈ ತೊಳೆಯುತ್ತಿದ್ದರು.

“ಮರೆವಿನ ಕಾಯಿಲೆ ಇತ್ತು, ನಿಜ. ಆದರೆ ಅದರಿಂದ ಸತ್ತಿಲ್ಲ. ಕಣ್ಣಲ್ಲಿ ರಕ್ತದ ಚುಕ್ಕೆಗಳಿವೆ. ಮುಖಕ್ಕೆ ದಿಂಬು ಒತ್ತಿದ್ದಾರೆ.”

ಮುಂಬಾಗಿಲಿಗೆ ರಾತ್ರಿಯಿಡೀ ಒಳಗಿನಿಂದ ಬೀಗವಿತ್ತು. ಹಿತ್ತಿಲ ಬಾಗಿಲ ಚಿಲಕ ಮಾತ್ರ ತೆಗೆದಿತ್ತು.

* * *

ನೆಸ್ತಾಳ ಗಂಡ ಇದ್ವಲ್ ಅಡುಗೆಮನೆಯಲ್ಲಿ ಕೂತಿದ್ದ. ಸ್ಲೇಟುಗಣಿಯಲ್ಲಿ ದುಡಿದ ಕೈಗಳು ಮೇಜಿನ ಮೇಲೆ ಬಿದ್ದಿದ್ದವು.

“ಚಿಲಕ ಯಾರು ತೆಗೆದದ್ದು, ಇದ್ವಲ್ ಮಾಮ?” ಮೆರೆರಿದ್ ಕೇಳಿದಳು.

“ಅವಳೇ ಇರಬೇಕು. ಅಮ್ಮನ ಮನೆಗೆ ಹೋಗ್ತೀನಿ ಅಂತ ಎದ್ದೆದ್ದು ಹೋಗ್ತಿದ್ಲಲ್ಲ.”

“ಕಡೆಗೆ ನೋಡಿದ್ದು ಯಾವಾಗ?”

“ಮಲಗಿಸಿದಾಗ. ನಾನು ಆಚೆ ಕೋಣೇಲಿ ಮಲಗೋದು. ಬೆಳಿಗ್ಗೆ ಎದ್ದು ಬುತ್ತಿ ಕಟ್ಟಿದೆ. ಹೊರಡೋ ಹೊತ್ತಿಗೆ ಎಬ್ಬಿಸಿದರಾಯ್ತು ಅಂತ ಬಿಟ್ಟೆ.”

ಮೆರೆರಿದ್ ಹಿತ್ತಿಲಿಗೆ ಹೋದಳು. ಹಿಂದಿನ ಸಂಜೆಯ ಮಳೆಗೆ ನೆಲವೆಲ್ಲ ಕೆಸರು. ಒಂದು ಹೆಜ್ಜೆಯೂ ಮೂಡಿರಲಿಲ್ಲ. ಆ ಬಾಗಿಲಿನಿಂದ ಯಾರೂ ಬಂದಿರಲಿಲ್ಲ, ಯಾರೂ ಹೋಗಿರಲಿಲ್ಲ.

ಲೌರಿಯ ಗಂಡ ಹೆವಿನ್‌ನಿಂದ ಕಾರಿನ ಡಿಕ್ಕಿ ತೆಗೆಸಿದಳು. ಒಳಗೊಂದು ಸೂಟ್‌ಕೇಸ್. ಅದರಲ್ಲಿ ನೆಸ್ತಾಳ ಬಟ್ಟೆಗಳು, ಮನೆಯೊಳಗೆ ಹಾಕುವ ಚಪ್ಪಲಿ, ಮದುವೆಯ ಫೋಟೊ.

“ಸಂಜೆಗೆ ವಾಪಸ್ ಬರೋರಿಗೆ ಇದೆಲ್ಲ ಯಾಕೆ, ಹೆವಿನ್?”

ಮಗ ತಲೆ ತಗ್ಗಿಸಿದ. “ಬರೋವಾಗ ಅಮ್ಮನ್ನ ವೃದ್ಧಾಶ್ರಮಕ್ಕೆ ಬಿಡೋದಿತ್ತು. ಮುಂಚೆ ಹೇಳಿದ್ರೆ ಹಟ ಮಾಡ್ತಾಳೆ ಅಂತ...”

“ಅಂದ್ರೆ ಕೋಟೆ ಬರೀ ನೆಪ.”

“ಒಂದು ದಿನ ಖುಷಿಯಾಗಿರಲಿ ಅಂತ! ಅಪ್ಪನ ಕೈಲಿ ಆಗ್ತಿರಲಿಲ್ಲ, ನೋಡ್ತಿದ್ದೆ. ಅದಕ್ಕೆ ನಾನು ಕೊಲೆಗಾರನಾ?”

ಮೆರೆರಿದ್ ಸೂಟ್‌ಕೇಸ್ ಮುಚ್ಚಿದಳು.

* * *

ಒಳಗೆ ಲೌರಿ ಬುತ್ತಿ ಬಿಚ್ಚುತ್ತಿದ್ದಳು. ಮಾವನ ಹೊಟ್ಟೆಗೆ ಏನಾದರೂ ಬೀಳಲಿ ಅಂತ.

“ಎಲ್ಲಾ ಚೀಸಿನದೇ,” ಗೊಣಗಿದಳು. “ಅತ್ತೆಯದ್ದು ಎಲ್ಲಿ?”

“ಅವರದ್ದು ಬೇರೇನಾ?” ಮೆರೆರಿದ್ ಕೇಳಿದಳು.

“ಚೀಸ್ ತಿಂದ್ರೆ ಹೊಟ್ಟೆ ಹಿಡ್ಕೊಂಡು ಒದ್ದಾಡ್ತಾರೆ. ಮಾವ ಯಾವತ್ತೂ ಮೊದಲು ಅವರಿಗೆ ಮೊಟ್ಟೆ ಬ್ರೆಡ್ ಮಾಡಿಟ್ಟು, ಆಮೇಲೆ ನಮಗೆ ಮಾಡೋದು.”

“ಮರೆತೆ,” ಅಂದ ಇದ್ವಲ್.

ಮೆರೆರಿದ್ ಅವನ ಎದುರು ಕೂತಳು.

“ಮಾಮ, ಹೊರಗಿನವರು ಯಾರೂ ಬಂದಿಲ್ಲ. ಇವತ್ತು ಆಶ್ರಮಕ್ಕೆ ಬಿಡೋಕೆ ಹೊರಟಿದ್ದ ಹೆವಿನ್‌ಗೆ ಕೊಲ್ಲೋ ಅಗತ್ಯ ಇರಲಿಲ್ಲ. ಲೌರಿಗೂ ಅಷ್ಟೇ. ಬುತ್ತಿ ಕಟ್ಟಿದವರು ನೀವು. ಕಟ್ಟೋವಾಗಲೇ ಅವರು ಬರಲ್ಲ ಅಂತ ನಿಮಗೆ ಗೊತ್ತಿತ್ತು.”

ಇದ್ವಲ್ ಬುತ್ತಿಯನ್ನು ಪಕ್ಕಕ್ಕೆ ಸರಿಸಿದ.

“ನಿನ್ನೆ ಸಂಜೆ ಅವಳಿಗೆ ಎಲ್ಲಾ ನೆನಪಾಗಿತ್ತು, ಮಗಳೇ,” ಅಂದ ಇದ್ವಲ್. “‘ನಮ್ಮನ್ನ ತುಳಿಯೋಕೆ ಇಂಗ್ಲಿಷ್ ರಾಜ ಕಟ್ಟಿದ ಕೋಟೆ. ದುಡ್ಡು ಕೊಟ್ಟು ನೋಡ್ಬೇಕಾ, ಕತ್ತೆ?’ ಅಂತ ಬೈದ್ಲು. ಮೊದಲಿನ ಹಾಗೇ. ನಕ್ಕುಬಿಟ್ಟೆ. ಆಮೇಲೆ ಬೀರು ತೆಗೆದು ನೋಡಿ, ‘ನನ್ನ ಬಟ್ಟೆಗಳೆಲ್ಲಿ?’ ಅಂದ್ಲು. ಸುಳ್ಳು ಹೇಳೋಕೆ ಆಗ್ಲಿಲ್ಲ. ‘ಕಳಿಸ್ಬೇಡ. ನಾನು ನಾನಾಗಿರೋವಾಗಲೇ ಮುಗಿಸಿಬಿಡು’ ಅಂತ ಕೈ ಹಿಡ್ಕೊಂಡ್ಲು.”

“ಆಗ...?”

“ಆಗ ಧೈರ್ಯ ಬರಲಿಲ್ಲ. ಬೆಳಗಿನ ಜಾವ ಗಟ್ಟಿ ಮನಸ್ಸು ಮಾಡಿ ಹೋದೆ. ಕಣ್ಣು ಬಿಟ್ಟಳು. ‘ನೀವ್ಯಾರು?’ ಅಂದ್ಲು. ನನ್ನ ನೋಡಿ ಹೆದರಿದ್ಲು. ಆದರೂ ಒತ್ತಿದೆ. ಚಿಲಕ ತೆಗೆದಿಟ್ಟೆ. ಆಮೇಲೆ ಏನು ಮಾಡೋದೋ ಗೊತ್ತಾಗಲಿಲ್ಲ. ಬ್ರೆಡ್ ಕೊಯ್ಯುತ್ತಾ ನಿಂತೆ.”

ಬಾಗಿಲಲ್ಲಿ ಹೆವಿನ್ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

“ಅಪ್ಪಾ, ನಿನ್ನೆ ಎಲ್ಲಾ ನೆನಪಾಗಿದ್ದಾಗ... ಅಮ್ಮ ನನ್ನ ಹೆಸರೇನಾದ್ರೂ ಹೇಳಿದ್ಲಾ?”

ಇದ್ವಲ್ ಯೋಚಿಸಿದ. ಹೌದು ಅನ್ನಬಹುದಿತ್ತು.

“ಇಲ್ಲ ಮಗಾ.”

ಮೆರೆರಿದ್ ಗೂಟದಲ್ಲಿದ್ದ ಕೋಟು ತಂದು ಹಿಡಿದಳು. ತೋಳಿಗೆ ಕೈ ತೂರಿಸಲು ಮುದುಕನಿಗೆ ಆಗಲಿಲ್ಲ. ಅವಳು ಅದನ್ನು ಹಾಗೇ ಅವನ ಭುಜದ ಮೇಲೆ ಹೊದಿಸಿದಳು.