ರೊಟ್ಟಿಯ ವಿಡಿಯೋದ ತೊಂಬತ್ತು ಸೆಕೆಂಡು

"ಕಾಕಾ, ಯಮನೂರಕ್ಕ ಕಳ್ಳಿ ಅಲ್ಲ. ಶನಿವಾರದೊಳಗ ನೀವು ಅದನ್ನ ತೋರಿಸಿಕೊಡಬೇಕ್ರಿ."

ಕುಷ್ಟಗಿಯ ನನ್ನ ಸ್ಟುಡಿಯೋದ ಮೆಟ್ಟಿಲು ಹತ್ತುತ್ತಲೇ ಲಲಿತಾ ಆಡಿದ ಮೊದಲ ಮಾತು ಇದು. ಅಂದು ಗುರುವಾರ. ಸ್ಟುಡಿಯೋ ನನ್ನದು, ಬೋರ್ಡಿನ ಮೇಲಿನ ಗೋವಿಂದರಾಜ ಎಂಬ ಹೆಸರೂ ನನ್ನದೇ. ಆದರೆ ತೊಡಕು ಹೊತ್ತು ಬಂದವರು ನನ್ನ ಮುಖ ನೋಡುವುದು ಕಡಿಮೆ. ಅವರು ಬರುವುದು ಮೂಲೆಯ ಕುರ್ಚಿಯಲ್ಲಿ ಚಹದ ಕಪ್ಪು ಹಿಡಿದು ಕೂತ ವಿರೂಪಾಕ್ಷಪ್ಪನವರನ್ನು ಹುಡುಕಿಕೊಂಡು. ಮೊದಮೊದಲು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಈಗ ಬಿಟ್ಟಿದ್ದೇನೆ, ಏಕೆಂದರೆ ಬಂದವರಲ್ಲಿ ಅರ್ಧ ಜನ ಹೋಗುವಾಗ ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು ಹೋಗುತ್ತಾರೆ.

ವಿರೂಪಾಕ್ಷಪ್ಪ ನಲವತ್ತು ವರ್ಷ ಬಜಾರಿನ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿದವರು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಬಣ್ಣ ನಂಬಲು ಯಾವ ಗಿರಾಕಿಗೂ ಬಿಡುತ್ತಿರಲಿಲ್ಲ. ಸೀರೆಯನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದ ಮೇಲೆಯೇ ಬೆಲೆಯ ಮಾತು. ಕೆಲಸ ಬಿಟ್ಟ ಮೇಲೆ ಊರವರ ತಂಟೆ ತಕರಾರುಗಳನ್ನೂ ಅವರು ಹಾಗೆಯೇ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹಿಡಿದದ್ದು ಸುಳ್ಳಾದದ್ದನ್ನು ನಾನಂತೂ ಕಂಡಿಲ್ಲ.

"ಆಕಿನ್ನ ಒಳಗ ಕರಿ ಮೊದಲ. ಬಿಸಿಲಾಗ ನಿಂತಾಳ," ಎಂದರು ಅವರು.

ಆಗಲೇ ನಾನು ನೋಡಿದ್ದು. ಐವತ್ತರ ಹೆಂಗಸೊಬ್ಬಳು ಸೆರಗನ್ನು ಬಿಗಿಯಾಗಿ ಹೊದ್ದು ರಸ್ತೆಯಲ್ಲೇ ನಿಂತಿದ್ದಳು. ಅವಳೇ ಯಮನೂರಮ್ಮ. ಕರೆದರೂ ಕುರ್ಚಿಯಲ್ಲಿ ಕೂರಲಿಲ್ಲ, ಬಾಗಿಲ ಬಳಿ ಗೋಡೆಗೆ ಆತು ನಿಂತಳು. "ನಾ ಮುಟ್ಟಿದ್ದು ಖರೇರಿ, ತಗೊಂಡಿಲ್ಲ," ಎಂದಳು.

ಉಳಿದದ್ದನ್ನು ಲಲಿತಾ ಹೇಳಿದಳು. ಇರಕಲ್ಲಗಡದಲ್ಲಿ ಲಲಿತಾಳ ಗಂಡನ ಮನೆ, ಹಳೆಯದು, ಮಣ್ಣು ಹಾಸಿದ ಮಟ್ಟಸ ಮಾಳಿಗೆಯದು. ಗಂಡ ಯಲಬುರ್ಗಾದಲ್ಲಿ ಮಾಸ್ತರ, ಭಾನುವಾರ ಮಾತ್ರ ಮನೆಗೆ ಬರುವವನು, ಈ ಸಲ ಭಾನುವಾರವೂ ಬಂದಿರಲಿಲ್ಲ. ಅತ್ತೆ ಕಳಕಮ್ಮನ ಅಡುಗೆಯನ್ನು ಲಲಿತಾ ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುತ್ತಾಳೆ. ಅಡುಗೆಮನೆಗೆ ಬೆಳಕೆಂದರೆ ಒಲೆಯ ಉರಿ ಮತ್ತು ಮಾಳಿಗೆಯಲ್ಲಿ ಬಿಟ್ಟ ಒಂದು ಬೆಳಕಿಂಡಿ, ಅಷ್ಟೇ. ಲೈಟು ಹಚ್ಚಿದರೆ ಒಲೆಯ ಮುಂದೆ ಕೂರುವುದಿಲ್ಲವೆಂದು ಕಳಕಮ್ಮನ ಹಟ.

ಕಡಿಮೆ ಬೆಳಕಿನಲ್ಲಿ ಹಿಡಿಯುವುದನ್ನು ಲಲಿತಾಗೆ ಕಲಿಸಿದವನು ನಾನೇ. ಫೋನನ್ನು ಅಲುಗಾಡದಂತೆ ಸ್ಟ್ಯಾಂಡಿಗೆ ಹಾಕು, ಜೂಮ್ ಮುಟ್ಟಬೇಡ, ಮಸಿ ಹಿಡಿದ ಲೆನ್ಸನ್ನು ಒರೆಸು, ಮನುಷ್ಯರನ್ನು ಬೆಳಕಿನ ಹತ್ತಿರ ಕೂರಿಸು, ಬಣ್ಣದ ಸೆಟ್ಟಿಂಗನ್ನು ಒಮ್ಮೆ ಸರಿಮಾಡಿ ಲಾಕ್ ಮಾಡು. ಐಎಸ್‌ಒ ಒಂದನ್ನು ಮಾತ್ರ ಆಟೋದಲ್ಲಿ ಬಿಡಲು ಹೇಳಿದ್ದೆ, ಏಕೆಂದರೆ ಒಲೆಯ ಉರಿ ಒಂದೇ ಸಮ ಇರುವುದಿಲ್ಲ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ತಾನೇ ಅದನ್ನು ಹಿಗ್ಗಿಸಿ ಚಿತ್ರವನ್ನು ಬೆಳ್ಳಗಿಡುತ್ತದೆ. ಬಹಳ ಹಿಗ್ಗಿಸಿದರೆ ಮಾತ್ರ ರವೆ ಉದುರಿಸಿದ ಹಾಗೆ ಚಿತ್ರವೆಲ್ಲ ಕಾಳುಕಾಳಾಗುತ್ತದೆ.

"ಭಾನುವಾರ ಒಂದು ಟ್ರಯಲ್ ಮಾಡಿದ್ವಿ. ಅತ್ತಿ ಕೊರಳಾಗಿನ ಬಂಗಾರದ ಬೋರಮಾಳ ಸರ ಉರಿ ಬೆಳಕಿಗೆ ಝಗ್ಗಂತ ಹೊಳೀತು. ಅದು ಹೊಳದಾಗೊಮ್ಮೆ ಮುಖ ಕಪ್ಪಾಗ್ತಿತ್ತು. ತಗದಿಡ್ರಿ ಅಂದೆ. ಬಾಜೂ ಜೋಳದ ಕೋಣ್ಯಾಗ ಮಾಳಿಗಿಯಿಂದ ಇಳಿಬಿಟ್ಟ ನೆಲುವಿನ ಮ್ಯಾಲ ಒಂದು ಗಡಿಗಿ ಐತ್ರಿ, ಅದರಾಗ ಇಟ್ವಿ. ಸೋಮವಾರ ಖರೇ ಶೂಟಿಂಗಿನ ದಿನಾನೂ ಅತ್ತಿ ಸರ ತಗದು ಯಮನೂರಕ್ಕನ ಕೈಯಾಗ ಕೊಟ್ರು. ಆಕಿ ಒಯ್ದು ಗಡಿಗ್ಯಾಗ ಇಟ್ಟು ಬಂದು ರೊಟ್ಟಿ ಬಡಿಯಾಕ ಕುಂತಳು. ಸಪ್ಪಳ ಬರಬಾರದಂತ ಮುಂಬಾಗಿಲು, ಹಿಂಬಾಗಿಲು ಎರಡೂ ಚಿಲಕ ಹಾಕಿದ್ವಿ. ಮುಗದ ಮ್ಯಾಲ ನೋಡಿದ್ರ ಗಡಿಗಿ ಖಾಲಿ."

"ಮನಿಯೊಳಗ ಯಾರ‍್ಯಾರು?"

"ನಾವು ಮೂರೇ ಮಂದಿ. ಮೈದುನ ಶರಣಕುಮಾರ ಕೊಪ್ಪಳಕ್ಕ ಹೋಗಿದ್ದ. ಅವನ ಹೆಂಡ್ತಿ ದಾನೇಶ್ವರಿ ಕೆರಿಗೆ ಬಟ್ಟಿ ಒಗಿಯಾಕ ಹೋಗಿದ್ದಳು. ಭಾನುವಾರ ಟ್ರಯಲ್ ಮುಂದ ಇಬ್ರೂ ಅಲ್ಲೇ ಇದ್ರು ಖರೇ."

ಕಳಕಮ್ಮ ಅಂದೇ ನಳದ ಕಟ್ಟೆಯಲ್ಲಿ ಹತ್ತು ಜನರ ಎದುರು ಯಮನೂರಮ್ಮನನ್ನು ಕಳ್ಳಿ ಎಂದುಬಿಟ್ಟಿದ್ದಳು. ಇಪ್ಪತ್ತು ವರ್ಷ ಆ ಮನೆಯಲ್ಲಿ ದುಡಿದವಳು ಯಮನೂರಮ್ಮ. ಶಾಲೆಯ ಬಿಸಿಯೂಟಕ್ಕೆ ಅಡುಗೆಯವಳನ್ನು ಆರಿಸಲು ಶನಿವಾರ ಸಭೆ. ಅವಳ ಹೆಸರೇ ಮುಂದಿತ್ತು. ಈಗ ಮಕ್ಕಳ ಅನ್ನದ ಕೋಣೆಯ ಕೀಲಿಯನ್ನು ಕಳ್ಳಿಯ ಕೈಗೆ ಕೊಡುವುದು ಹೇಗೆ ಎಂದು ಊರು ಕೇಳುತ್ತಿತ್ತು. ನನಗೆ ಸಿಟ್ಟು ಬಂತು. ಒಂದು ಕೆಟ್ಟ ಮಾತು ಊರು ಸುತ್ತಲು ಅರ್ಧ ಗಂಟೆ ಸಾಕು, ಅದನ್ನು ತಿರುಗಿ ಕರೆತರಲು ಜನ್ಮ ಬೇಕು.

"ವಿಡಿಯೋ ತೋರಿಸು," ಎಂದರು ವಿರೂಪಾಕ್ಷಪ್ಪ.

ದೊಡ್ಡ ಮಾನಿಟರಿಗೆ ಹಾಕಿದೆ. ಶಿಷ್ಯೆ ಹಿಡಿದದ್ದೆಂದು ಹೇಳುತ್ತಿಲ್ಲ, ಚಿತ್ರ ಬಹಳ ಚೆನ್ನಾಗಿತ್ತು. ಬೆಳಕಿಂಡಿಯಿಂದ ಇಳಿದ ಬೆಳಕು ಕಳಕಮ್ಮನ ಗಿಳಿಹಸಿರು ಸೀರೆಯ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಯಮನೂರಮ್ಮನ ಎರಡು ಕೈಗಳು ಪಟಪಟನೆ ರೊಟ್ಟಿ ಬಡಿಯುತ್ತಿದ್ದವು. ಏಳು ನಿಮಿಷ ಹತ್ತು ಸೆಕೆಂಡಿಗೆ ಬಂದಾಗ ಮಾತ್ರ ಚಿತ್ರವೆಲ್ಲ ಕಾಳಾಯಿತು. ಎಂಟು ನಿಮಿಷ ನಲವತ್ತು ಸೆಕೆಂಡಿಗೆ ಮತ್ತೆ ನುಣ್ಣಗಾಯಿತು. ನನ್ನ ಕಸುಬಿನ ಮಾನ ಹೋದಂತಾಯಿತು.

"ಈ ತೊಂಬತ್ತು ಸೆಕೆಂಡು ಕೆಟ್ಟಾವವಾ. ಕತ್ತರಿಸಿ ಒಗಿ," ಎಂದೆ.

"ಕೈ ತಗಿ ಗೋವಿಂದ," ಎಂದರು ವಿರೂಪಾಕ್ಷಪ್ಪ. ಎದ್ದು ಮಾನಿಟರಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. "ಕಳಕಮ್ಮ ನಡುವ ಸೀರಿ ಬದಲಿ ಮಾಡಿದಳೇನು?"

ನೋಡಿದೆ. ಗಿಳಿಹಸಿರು ಸೀರೆ ಆ ತೊಂಬತ್ತು ಸೆಕೆಂಡು ಕಪ್ಪುಗಂದಾಗಿತ್ತು. ಬಣ್ಣದ ಸೆಟ್ಟಿಂಗ್ ಲಾಕ್ ಆಗಿದ್ದರೂ ಬಣ್ಣ ತಿರುಗಿತ್ತು! ಅಷ್ಟು ಹೊತ್ತೂ ಒಲೆಯ ಹೊಗೆ ಮೇಲೇಳದೆ ಅಲ್ಲೇ ಸುತ್ತುತ್ತಿತ್ತು, ಕಳಕಮ್ಮ ಎರಡು ಸಲ ಕೆಮ್ಮಿದಳು. ರೊಟ್ಟಿಯ ಪಟಪಟ ಮಾತ್ರ ಒಮ್ಮೆಯೂ ನಿಲ್ಲಲಿಲ್ಲ.

"ಯಮನೂರವ್ವ, ರೊಟ್ಟಿ ಬಡಿಯುವಾಗ ಕತ್ತಲಾತೇನು?"

"ಬಿಸಿಲಿಗೆ ಮಾಡ ಅಡ್ಡ ಬಂದಿರಬೇಕು ಅಂತ ತಿಳ್ಕೊಂಡೆರಿ. ಒಲಿ ಮುಂದ ಕುಂತವರಿಗೆ ಮ್ಯಾಲಿನ ಖಬರ ಎಲ್ಲಿರತೈತ್ರಿ?"

"ನಾ ಫೋನಿನೊಳಗ ನೋಡ್ತಿದ್ದೆ, ಅದರಾಗ ಬೆಳಕು ಇದ್ದಂಗ ಇತ್ತು," ಎಂದಳು ಲಲಿತಾ.

"ಇನ್ನೊಂದು ಕೇಳ್ತೀನಿ. ಆವಾಗ ರೊಟ್ಟಿ ಮ್ಯಾಲ, ಹಿಟ್ಟಿನ್ಯಾಗ, ಮ್ಯಾಲಿಂದ ಮಣ್ಣು ಗಿಣ್ಣು ಉದುರಿತೇನು?"

"ಇಲ್ರಿ. ಉದುರಿದ್ರ ಅವ್ವಾರು ಬಿಡತಿದ್ರೇನ್ರಿ?"

ವಿರೂಪಾಕ್ಷಪ್ಪ ಕಪ್ಪಿನಲ್ಲಿ ಉಳಿದ ಚಹ ಮುಗಿಸಿದರು. "ನಾಳೆ ಹನ್ನೊಂದಕ್ಕ ಬರ್ತೀವಿ. ಮನಿ ಮಂದಿ ಎಲ್ಲಾರೂ ಇರಲಿ, ಕಳಕಮ್ಮ ಅದೇ ಹಸಿರು ಸೀರಿ ಉಟ್ಟಿರಲಿ. ಒಲಿ ಹಚ್ಚಿರ‍್ರಿ."

ಶುಕ್ರವಾರ ನನ್ನ ಬೈಕಿನಲ್ಲಿ ಇರಕಲ್ಲಗಡಕ್ಕೆ ಹೋದೆವು. ದಾರಿಯುದ್ದಕ್ಕೂ ಕೇಳಿದೆ, ಅವರು ದಾಳಿಂಬೆ ತೋಟಗಳನ್ನು ನೋಡುತ್ತ ಕೂತರೇ ಹೊರತು ಬಾಯಿ ಬಿಡಲಿಲ್ಲ. ಮನೆ ಮುಟ್ಟಿದ ಮೇಲೆ ಮೊದಲು ಹಿತ್ತಲಿನ ಕಲ್ಲುಮೆಟ್ಟಿಲು ಹತ್ತಿ ಮಾಳಿಗೆ ನೋಡಿದೆವು. ಅಡುಗೆಮನೆಯ ಬೆಳಕಿಂಡಿ ಮೆಟ್ಟಿಲಿನ ಹತ್ತಿರವೇ ಇತ್ತು, ಪಕ್ಕದಲ್ಲಿ ಅದರ ತಗಡಿನ ಮುಚ್ಚಳ. ಅದನ್ನು ದಾಟಿ ಆಚೆ ತುದಿಗೆ ಹೋದರೆ ಜೋಳದ ಕೋಣೆಯ ಬೆಳಕಿಂಡಿ. ಅದರೊಳಗೆ ಕೈ ಇಳಿಬಿಟ್ಟೆ, ಬೆರಳಿಗೆ ನೆಲುವಿನ ಗಡಿಗೆ ತಾಗಿತು.

"ಕಾಕಾ! ಮ್ಯಾಲಿಂದ—"

"ಒದರಬ್ಯಾಡ. ಯಾರ ಕೈ ಅಂತ ಇನ್ನೂ ಹೇಳಬೇಕಾಗೈತಿ."

ಕೆಳಗೆ ಬಂದಾಗ ಕಳಕಮ್ಮ ಮುಖ ಗಂಟು ಹಾಕಿಕೊಂಡು ಒಲೆಯ ಮುಂದೆ ಕೂತಿದ್ದಳು. ಯಮನೂರಮ್ಮ ಸೋಮವಾರದ ಜಾಗದಲ್ಲೇ ಹಿಟ್ಟು ನಾದುತ್ತಿದ್ದಳು. ಲಲಿತಾ ಫೋನು ಚಾಲೂ ಮಾಡಿದ್ದಳು. ಬಾಗಿಲಲ್ಲಿ ದಾನೇಶ್ವರಿ ಮತ್ತು ಶರಣಕುಮಾರ ನಿಂತಿದ್ದರು. ಅವನಿಗೆ ಊರಲ್ಲಿ ಗೊಬ್ಬರದ ಅಂಗಡಿ. ಅವಳು ಗಂಗಾವತಿಯವಳು, ಹುಟ್ಟಿ ಬೆಳೆದದ್ದು ಸಿಮೆಂಟ್ ಸ್ಲ್ಯಾಬಿನ ಮನೆಯಲ್ಲಿ, ಮದುವೆಯಾಗಿ ಆರು ತಿಂಗಳು.

ವಿರೂಪಾಕ್ಷಪ್ಪ ದಾನೇಶ್ವರಿಯ ಕಡೆ ತಿರುಗಿದರು. "ತಂಗಿ, ಮಾಳಿಗಿ ಆ ತುದಿಗೆ ಮೆಣಸಿನಕಾಯಿ ಒಣಾ ಹಾಕ್ಯಾರ. ಒಂದು ಹಿಡಿ ತಗೊಂಡು ಬಾರವಾ."

ಅವಳು ಹೋದಳು. ನೆತ್ತಿಯ ಮೇಲೆ ಧಪಧಪ ಹೆಜ್ಜೆ. ಮರುಗಳಿಗೆಗೆ ಬೆಳಕಿಂಡಿಯ ಅಂಚಿನಿಂದ ಮಣ್ಣು ಸುರಿದು ಹಲಗೆಯ ಮೇಲಿನ ರೊಟ್ಟಿಯೆಲ್ಲ ಕೆಂಪಾಯಿತು.

"ಏ ದಾನೇಶ್ವರೀ! ಕೆಳಗ ಅಡಗಿ ನಡದೈತಿ, ಕಣ್ಣಿಲ್ಲೇನ?" ಎಂದು ಕಳಕಮ್ಮ ಮಾಳಿಗೆ ಹಾರುವಂತೆ ಕೂಗಿದಳು. ದಾನೇಶ್ವರಿ ಒಂದು ಹಿಡಿ ಮೆಣಸಿನಕಾಯಿಯೊಂದಿಗೆ ಗಾಬರಿಯಾಗಿ ಇಳಿದು ಬಂದಳು.

ಯಮನೂರಮ್ಮ ಹಲಗೆ ಒರೆಸಿ ಹೊಸ ರೊಟ್ಟಿ ಹಿಡಿದ ಮೇಲೆ ವಿರೂಪಾಕ್ಷಪ್ಪ ಸಹಜವಾಗಿ, "ಶರಣಪ್ಪ, ಇಷ್ಟು ಸಾಲಂಗಿಲ್ಲ. ಇನ್ನೊಂದು ಬೊಗಸಿ ನೀ ತಾ," ಎಂದರು.

ಶರಣಕುಮಾರ ಹೋದ. ನಾವೆಲ್ಲ ಮೇಲೆ ನೋಡುತ್ತಿದ್ದೆವು. ಮೆಟ್ಟಿಲು ಹತ್ತಿದ ಸಪ್ಪಳ, ಆಮೇಲೆ ತಗಡು ಸರಿದ ಸಪ್ಪಳ, ಅಡುಗೆಮನೆ ಒಮ್ಮೆಲೇ ಕತ್ತಲಾಯಿತು. ಹೆಜ್ಜೆಗಳು ನಮ್ಮ ತಲೆಯ ಮೇಲೆ ದಾಟಿ ಹೋದವು. ಒಂದು ಚಿಟಿಕೆ ಮಣ್ಣೂ ಬೀಳಲಿಲ್ಲ. ಹೊಗೆ ಸುತ್ತಿತು, ಕಳಕಮ್ಮ ಕೆಮ್ಮಿದಳು. ನಾನು ಫೋನಿನ ಪರದೆ ನೋಡಿದೆ. ಬೆಳಕು ಇದ್ದಂತೆಯೇ ಇತ್ತು, ಚಿತ್ರವೆಲ್ಲ ಕಾಳು, ಗಿಳಿಹಸಿರು ಸೀರೆ ಕಪ್ಪುಗಂದು. ಹೆಜ್ಜೆಗಳು ತಿರುಗಿ ಬಂದು ಮುಚ್ಚಳ ತೆರೆದಾಗ ಬಣ್ಣ ಮರಳಿತು.

ಬೊಗಸೆ ತುಂಬ ಮೆಣಸಿನಕಾಯಿ ಹಿಡಿದು ಬಂದ ಶರಣಕುಮಾರನಿಗೆ ಎಲ್ಲರೂ ತನ್ನನ್ನೇ ನೋಡುತ್ತಿರುವುದು ಯಾಕೆಂದು ತಿಳಿಯಲಿಲ್ಲ.

"ಕೂಡ್ರಿ ಎಲ್ಲಾರೂ," ಎಂದರು ವಿರೂಪಾಕ್ಷಪ್ಪ. ಅವರೂ ಕಣಜದ ಕಟ್ಟೆಯ ಮೇಲೆ ಕೂತರು.

"ಸೋಮವಾರದ ವಿಡಿಯೋದಾಗ ತೊಂಬತ್ತು ಸೆಕೆಂಡು ಚಿತ್ರ ಕೆಟ್ಟೈತಿ. ಗೋವಿಂದ ಅದನ್ನ ಕತ್ತರಿಸು ಅಂದ. ಚಲೋ ಚಿತ್ರ ಬೇಕಾದವರಿಗೆ ಅದು ಕಸ, ನನಗ ಅದೇ ಬೇಕಾಗಿತ್ತು. ಕ್ಯಾಮೆರಾ ಕತ್ತಲಿ ಮುಚ್ಚಿಡತೈತಿ, ಆದ್ರ ಬಣ್ಣ ಮುಚ್ಚಿಡಾಕ ಬರಲಿಲ್ಲ. ಹಸಿರು ಸೀರಿ ಬಿಸಿಲಾಗ ಹಸಿರು, ಬರೇ ಉರಿ ಬೆಳಕಿನಾಗ ಕಪ್ಪು. ಅಂದ್ರ ಬೆಳಕಿಂಡಿ ಬೆಳಕು ಹೋಗಿ ಒಲಿ ಬೆಳಕು ಅಷ್ಟೇ ಉಳದಿತ್ತು. ಯಮನೂರವ್ವ ಮಾಡ ಅಂದ್ಲು. ಮಾಡ ಮೆಲ್ಲಕ ಬಂದು ಮೆಲ್ಲಕ ಹೋಗತೈತಿ. ಇದು ರೊಟ್ಟಿಗೆ ಒಂದು ಏಟು ಹಾಕಿ ಇನ್ನೊಂದು ಹಾಕೂದರಾಗ ಬಂತು. ಮಾಡ ಬಂದ್ರ ಹೊಗಿ ನಿಲ್ಲಂಗಿಲ್ಲ, ಅವತ್ತು ನಿಂತಿತ್ತು. ಅಂದ್ರ ಯಾರೋ ಬೆಳಕಿಂಡಿ ಮುಚ್ಚಿದ್ರು. ರೊಟ್ಟಿ ಪಟಪಟದಾಗ ಕೇಳದಂಗ ಮುಚ್ಚಿ, ಹಗೂರಕ ಆ ತುದಿಗೆ ಹೋಗಿ, ನೆಲುವಿಗೆ ಕೈ ಹಾಕಿ, ತಿರುಗಿ ಬಂದು ತಗದ್ರು. ಅಷ್ಟು ಹೊತ್ತೂ ಯಮನೂರವ್ವನ ಎರಡೂ ಕೈ ರೊಟ್ಟಿ ಮ್ಯಾಲ ಇದ್ವು. ಲಲಿತಾ, ಕಳಕಮ್ಮ ಇಲ್ಲೇ ಇದ್ರು."

"ಕಳ್ಳ ಯಾಕ ಮುಚ್ಚತಾನ? ಹಂಗ ದಾಟಿ ಹೋಗಬಹುದಿತ್ತಲ್ಲ?" ಎಂದೆ ನಾನು. ಕೇಳಲೇಬೇಕಾದ ಪ್ರಶ್ನೆ ಕೇಳುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ.

"ಅಲ್ಲೇ ಸಿಕ್ಕ ನೋಡು. ಕೆಳಗ ಅಡಗಿ ನಡದಾಗ ಮಾಳಿಗಿ ಮ್ಯಾಲ ಅಡ್ಡಾಡಿದ್ರ ಮಣ್ಣು ಉದುರತೈತಿ, ಮೊದಲ ಬೆಳಕಿಂಡಿ ಮುಚ್ಚಬೇಕು. ಈ ಮಾತು ಪುಸ್ತಕದಾಗಿಲ್ಲ. ಮಣ್ಣಿನ ಮಾಳಿಗಿ ಕೆಳಗ ಬೆಳೆದು ಅವ್ವನ ಕಡೆ ಬೈಸಿಕೊಂಡವರಿಗೆ ಅಷ್ಟೇ ಗೊತ್ತು. ಸರ ಎಲ್ಲೈತಿ ಅಂತ ಗೊತ್ತಿದ್ದು, ಹೊರಗ ಇದ್ದವರು ಇಬ್ಬರೇ. ದಾನೇಶ್ವರಿಗೆ ಆ ರೂಢಿ ಇಲ್ಲ, ಈಗ ನೋಡಿದ್ರಿ. ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲ ಅಂತಾರ. ಶರಣಪ್ಪ, ನೀ ಕಳುವಿಗೆ ಹೋಗುವಾಗಲೂ ನಿಮ್ಮವ್ವನ ರೊಟ್ಟಿಗೆ ಮಣ್ಣು ಬೀಳಬಾರದಂತ ನೋಡಿದಿ. ಅಷ್ಟು ಚಲೋ ಬೆಳಿಸ್ಯಾಳ ಆಕಿ ನಿನ್ನ."

ಶರಣಕುಮಾರನ ಕೈಯಿಂದ ಮೆಣಸಿನಕಾಯಿ ಒಂದೊಂದಾಗಿ ಬಿದ್ದವು.

"ಶರಣೂ?" ಎಂದಳು ಕಳಕಮ್ಮ.

"ಅವತ್ತು ನಾ ಕೊಪ್ಪಳಕ್ಕ ಹೋಗಿರಲಿಲ್ಲ. ಮಾರಾಕ ತಗೊಂಡಿಲ್ಲ ಯವ್ವಾ. ಅಂಗಡಿ ಡ್ರಾವರಿನ್ಯಾಗ ಐತಿ," ಎಂದ ಅವನು ನೆಲ ನೋಡುತ್ತ. "ನಿಮ್ಮವ್ವ ಮೊಬೈಲಿನ್ಯಾಗ ರೊಟ್ಟಿ ಬಡೀತಾಳಲೇ ಅಂತ ಅಂಗಡಿಗೆ ಬಂದವರು ದಿನಾ ನಗತಿದ್ರು. ಸರ ಹೋದ್ರ, ಕ್ಯಾಮೆರಾ ಬಂದಿದ್ದಕ್ಕ ಹಿಂಗಾತು ಅಂತ ನೀ ಬಿಡತಿ ಅನ್ಕೊಂಡೆ. ಯಮನೂರವ್ವನ ಮ್ಯಾಲ ಬರತೈತಿ ಅಂತ ನನಗ—"

"ಬಂದ ಮ್ಯಾಲ ಗೊತ್ತಾತಲ್ಲ?" ಎಂದಳು ಯಮನೂರಮ್ಮ. ಅಲ್ಲಿಯವರೆಗೆ ತಲೆ ಎತ್ತದವಳು ಈಗ ಅವನನ್ನು ನೇರವಾಗಿ ನೋಡುತ್ತಿದ್ದಳು. "ನಾಕು ದಿನ ಆತು ತಮ್ಮಾ. ನಾಕು ದಿನ ನನ್ನ ಬಾಗಿಲ ಮುಂದ ಹಾದು ಅಂಗಡಿಗೆ ಹೋದಿ."

ನನಗೂ ಸರ ಕದ್ದದ್ದಕ್ಕಿಂತ ಆ ನಾಲ್ಕು ದಿನದ ಮೌನವೇ ದೊಡ್ಡ ಕಳವು ಎನಿಸಿತು.

ಕಳಕಮ್ಮ ಒಲೆಯ ಸೌದೆಯನ್ನು ಹಿಂದಕ್ಕೆಳೆದಳು. ಆಮೇಲೆ, "ಸರ ಸಿಕ್ಕಿತು ಅಂತ ಹೇಳಿದ್ರ ಸಾಕಲ್ರಿ? ಮನಿ ಮಾತು ಮನಿಯಾಗ ಇರಲಿ," ಎಂದಳು ಮೆತ್ತಗೆ.

"ಬೈದಿದ್ದು ನಳದ ಕಟ್ಟಿ ಮ್ಯಾಲ," ಎಂದು ವಿರೂಪಾಕ್ಷಪ್ಪ ಎದ್ದರು. "ನಾ ಪತ್ತೆ ಮಾಡಿಕೊಟ್ಟೆ. ಮುಂದಿಂದು ನಿನಗ ಬಿಟ್ಟಿದ್ದು, ಕಳಕಮ್ಮ."

ಶನಿವಾರ ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ, ಆದರೂ ಇಬ್ಬರೂ ಹೋದೆವು. ಶಾಲೆಯ ಜಗುಲಿಯಲ್ಲಿ ಸಭೆ ತುಂಬಿತ್ತು. ಯಮನೂರಮ್ಮನ ಹೆಸರು ಬಂದಾಗ ಯಾರೋ ಹಿಂದಿನಿಂದ, "ಆಕಿ ಸುದ್ದಿ ಏನಾತು?" ಎಂದರು. ಹೆಡ್‌ಮಾಸ್ತರರು ಪೆನ್ನು ಕೆಳಗಿಟ್ಟರು. ಆಗ ಹೆಂಗಸರ ನಡುವಿನಿಂದ ಕಳಕಮ್ಮ ಎದ್ದು ನಿಂತಳು. ಬೋರಮಾಳ ಕೊರಳಲ್ಲಿತ್ತು.

"ಸರ ತಗೊಂಡಾವ ನನ್ನ ಹೊಟ್ಟ್ಯಾಗ ಹುಟ್ಟಿದ ಮಗ," ಎಂದಳು. ದನಿ ನಳದ ಕಟ್ಟೆಯವರೆಗೂ ಕೇಳುವಷ್ಟು ದೊಡ್ಡದಾಗಿತ್ತು. "ಈಕಿನ್ನ ಕಳ್ಳಿ ಅಂದಿದ್ದು ನನ್ನ ಬಾಯಿ. ಎರಡೂ ನಂದೇ ತಪ್ಪು. ಇಪ್ಪತ್ತು ವರ್ಷ ನನ್ನ ಮನಿ ಕೀಲಿ ಈಕಿ ಕೈಯಾಗ ಇತ್ತು, ಒಂದು ಕಾಳು ಹೆಚ್ಚುಕಮ್ಮಿ ಆಗಿಲ್ಲ."

ಹೆಡ್‌ಮಾಸ್ತರರು ಪೆನ್ನು ಮತ್ತೆ ಕೈಗೆತ್ತಿಕೊಂಡು, "ಯಮನೂರಮ್ಮ, ನೀವೇನರ ಹೇಳೂದು ಐತೇನ್ರಿ?" ಎಂದರು.

ಬೈಯುತ್ತಾಳೆ, ಇಲ್ಲ ಅಳುತ್ತಾಳೆ ಎಂದು ನಾನು ಕಾದೆ. ಅವಳು ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸೋಮವಾರ ಎಷ್ಟು ಮಕ್ಕಳಿಗೆ ಅಡಗಿ ಮಾಡಬೇಕ್ರಿ, ಸರ್?"