ಕೂಳೂರು ಸುತ್ತಿ ಹೋಗು

ಅತ್ತೆ ಬಾಗಿ, ಸೊಸೆ ಪ್ರಣೀತಾ ಇಬ್ಬರೂ ಹಿತ್ತಲಲ್ಲಿ ಕೂತು ಬೂತಾಯಿ ಮೀನು ಕೊಯ್ಯುತ್ತಿದ್ದರು. ಕತ್ತಿ ಮಣೆಗೆ ತಾಗುವ ಸದ್ದು, ಬೇಲಿಯಾಚೆ ಕಾಯುತ್ತಿದ್ದ ಬೆಕ್ಕಿನ ಗುರುಗುರು, ಅಷ್ಟೇ. ಮೊಟ್ಟೆಯಿದ್ದ ಮೀನು ಸಿಕ್ಕಿದಾಗಲೆಲ್ಲ ಅತ್ತೆ ಆ ಹಳದಿ ಗಂಟನ್ನು ಒಡೆಯದಂತೆ ಬಿಡಿಸಿ ಬೇರೆ ತಟ್ಟೆಯಲ್ಲಿಡುತ್ತಿದ್ದಳು. ಅದು ಸೊಸೆ ಪ್ರಣೀತಾಳ ಪಾಲು. ಪುತ್ತೂರಿನಿಂದ ಮದುವೆಯಾಗಿ, ಪೇಟೆಗೆ ಹೊಳೆಯಾಚೆ ಇರುವ ಬೆಂಗ್ರೆಗೆ ಬಂದ ನಾಲ್ಕು ವರ್ಷದಿಂದಲೂ ಈ ಮನೆಯ ಮೀನಿನ ಮೊಟ್ಟೆಯೆಲ್ಲ ಅವಳ ಬಟ್ಟಲಿಗೇ ಬೀಳುತ್ತಿತ್ತು. ಯಾಕೆಂದು ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಗಂಡ ರೂಪೇಶ್ ಬಚ್ಚಲಿನಿಂದ ಹೊರಬಂದ. ಪೇಪರಿನಲ್ಲಿ ಸುತ್ತಿ ಟೇಪು ಅಂಟಿಸಿದ ಸಣ್ಣ ಡಬ್ಬಿಯನ್ನು ಕಿಟಕಿಯ ದಂಡೆಯ ಮೇಲಿಟ್ಟ.

"ಇದೊಂದೇ ಸಲ. ಮತ್ತೆ ಕೇಳ್ಬೇಡ," ಎಂದವನೇ ದೋಣಿಯ ಇಂಜಿನ್ ರಿಪೇರಿಗೆ ಹೊರಟುಹೋದ.

ಪ್ರಣೀತಾ ಕೈತೊಳೆದು ಡಬ್ಬಿಯನ್ನು ರವಿಕೆಯೊಳಗೆ ಸೇರಿಸಿಕೊಂಡಳು. ಮೈ ಬಿಸಿಯಲ್ಲಿಟ್ಟು ತನ್ನಿ, ಒಂದು ಗಂಟೆಯೊಳಗೆ ತಲುಪಿಸಿ ಎಂದು ಲ್ಯಾಬಿನವರು ಹೇಳಿದ್ದರು. ಅವಳ ರಕ್ತ ನೋಡಿಯಾಗಿತ್ತು. ಹೊಟ್ಟೆ ನೋಡಿಯಾಗಿತ್ತು. ಬಣ್ಣದ ನೀರು ಒಳಗೆ ಬಿಟ್ಟು ಎಕ್ಸ್‌ರೇ ತೆಗೆದದ್ದೂ ಆಗಿತ್ತು. ಎಲ್ಲವೂ ಸರಿಯಿತ್ತು. ಪೇಟೆಯ ಬಲ್ಮಠದ ಡಾಕ್ಟರ್ ರೀಮಾ ಕೊನೆಗೊಮ್ಮೆ ಕನ್ನಡಕ ತೆಗೆದಿಟ್ಟು ಹೇಳಿದ್ದರು. "ಕಾರಣ ಹೆಂಗಸರಲ್ಲಿ ಇರುವಷ್ಟೇ ಗಂಡಸರಲ್ಲೂ ಇರ್ತದೆ. ಕೆಲವು ಸಲ ಇಬ್ಬರಲ್ಲೂ. ನಿಮ್ಮೊಬ್ಬರನ್ನೇ ಎಷ್ಟು ಅಂತ ಚುಚ್ಚುವುದು?" ಬಲ್ಮಠದಲ್ಲಿ ಅರ್ಧ ಜನ ತನ್ನ ಗುರ್ತದವರು ಎಂದು ರೂಪೇಶ್ ಅಲ್ಲಿಗೆ ಕಾಲಿಡಲು ಒಪ್ಪಿರಲಿಲ್ಲ. ಮನೆಯಲ್ಲೇ ವೀರ್ಯ ಕೊಡಲು ಒಪ್ಪಿಸುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. ಬಂಜೆ ಎಂಬ ಮಾತು ತನ್ನದೋ ಅಲ್ಲವೋ ಎಂದು ಗೊತ್ತಾಗಲು ಅವಳಿಗಿದ್ದದ್ದು ಈ ಡಬ್ಬಿಯೊಂದೇ.

"ಯಾವುದರಲ್ಲಿ ಹೋಗ್ತಿ?" ಅತ್ತೆ ತಲೆಯೆತ್ತದೆ ಕೇಳಿದಳು.

"ಫೆರಿಯಲ್ಲಿ, ಮಾಮಿ."

"ಬೇಡ. ಬಸ್ಸಿನಲ್ಲಿ ಕೂಳೂರು ಸುತ್ತಿ ಹೋಗು."

"ಸೇತುವೆಯಲ್ಲಿ ಬ್ಲಾಕ್ ಆದ್ರೆ ಗಂಟೆಗಟ್ಟಲೆ ನಿಲ್ಬೇಕು. ಅಷ್ಟರಲ್ಲಿ ಇದು ಸತ್ತು ಹೋಗ್ತದೆ."

"ಸತ್ರೆ ಸಾಯ್ಲಿ. ಅಲ್ಲಿ ಇರುವುದು ಬರೀ ಹೊಳೆ. ಇಲ್ಲಿ ಹೊಳೆ ಕಡಲು ಸೇರುವ ಅಳಿವೆ ಉಂಟು."

ಬಾಗಿಯ ಕತ್ತಿ ನಿಂತಿತ್ತು. "ರೂಪೇಶ ಹೈಸ್ಕೂಲಿನಲ್ಲಿರುವಾಗ ಮಂಗನಬಾವು ಬಂತು. ಕೆನ್ನೆಯ ಬಾವು ಕೆಳಗಿಳಿದು ಅಲ್ಲೆಲ್ಲ ಊದಿತು. ಪ್ರಜ್ಞೆ ಇರಲಿಲ್ಲ. ಮಂತ್ರವಾದಿ ನಮ್ಮನ್ನು ದೋಣಿಯಲ್ಲಿ ಅಳಿವೆಗೆ ಕರ್ಕೊಂಡು ಹೋಗಿ ಕಪ್ಪು ಕೋಳಿ ಕೊಯ್ದ. ನನ್ನ ಬಾಯಿಂದ ಮಾತು ಕೊಡಿಸಿದ. ಜೀವ ನನಗೆ, ಬೀಜ ಅವಳಿಗೆ ಅಂತ."

"ಯಾರಿಗೆ?"

"ಬಸುರಿಯಿರುವಾಗ ಮುಳುಗಿದವಳೊಬ್ಬಳು ಉಂಟು ಅಲ್ಲಿ. ಅವಳ ಎದುರಿನಿಂದ ಅದನ್ನು ದಾಟಿಸಬಾರ್ದು. ಅವಳು ಸುಮ್ಮನೆ ತಕ್ಕೊಳ್ಳುವವಳಲ್ಲ ಮಗಾ. ಬದಲು ಇಟ್ಟು ಹೋಗ್ತಾಳೆ."

ಪ್ರಣೀತಾಳಿಗೆ ಕೇಳಿಸಿದ್ದು ಮಂಗನಬಾವು ಎಂಬುದೊಂದೇ. ಡಾಕ್ಟರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅತ್ತೆಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ವರ್ಷ ಮೀನಿನ ಮೊಟ್ಟೆ ಬಡಿಸಿದಳು.

"ಹಾಗಾದ್ರೆ ಅವಳಿಗೂ ಒಂದು ಟಿಕೆಟ್ ತೆಗೀತೇನೆ," ಎಂದು ನಕ್ಕು ಚಪ್ಪಲಿ ಮೆಟ್ಟಿದಳು.

ಫೆರಿಯಲ್ಲಿ ಜನ ತುಂಬಿದ್ದರು. ಡೀಸೆಲ್ ಹೊಗೆ, ಐಸ್ ಕರಗಿದ ನೀರು, ಮೀನುಬುಟ್ಟಿಯ ನಾತ. ಫೆರಿ ನಡೆಸುವ ಸ್ರಾಂಗ ಮುದ್ದು ಯಾರದ್ದೋ ಚಿಲ್ಲರೆಗೆ ತುಳುವಿನಲ್ಲಿ ಬೈಯುತ್ತಿದ್ದ. ಪ್ರಣೀತಾ ಅಂಚಿನ ಹಲಗೆಯಲ್ಲಿ ಕೂತು ಎದೆಗೆ ಕೈ ಒತ್ತಿ ಹಿಡಿದಳು. ಡಬ್ಬಿ ಬೆಚ್ಚಗಿತ್ತು.

ನಡುನೀರಿಗೆ ಬಂದಾಗ ಬಿಸಿಲು ಹೋಯಿತು. ಮೋಡವಿರಬೇಕು ಎಂದುಕೊಂಡಳು. ತಲೆಯೆತ್ತಿದರೆ ಮೋಡವಿರಲಿಲ್ಲ. ಅಳಿವೆಯ ಕಡೆಯಿಂದ ಒಂದು ವಾಸನೆ ಬಂತು. ಮೀನಿನದಲ್ಲ. ಓಮದ ಹೊಗೆ. ಕಾಯಿಸಿದ ತೆಂಗಿನೆಣ್ಣೆ. ಹುಳಿಯಾದ ಹಾಲು. ಬಾಗಿಲು ಮುಚ್ಚಿದ ಬಾಣಂತಿ ಕೋಣೆಯ ವಾಸನೆ, ಹೊಳೆಯ ನಡುವೆ.

ಇಂಜಿನ್ ನಿಂತಿತು. ಮಾತೂ ನಿಂತಿತು. ಮುದ್ದುವಿನ ಬಾಯಿ ತೆರೆದೇ ಇತ್ತು, ಸ್ವರವಿರಲಿಲ್ಲ. ಪಕ್ಕದ ಹಲಗೆ ಒದ್ದೆಯಾಗಿತ್ತು. ಯಾರೋ ಕೂತರು. ಅವಳು ತಿರುಗಲಿಲ್ಲ. ಕುತ್ತಿಗೆಯ ಮೇಲೆ ನೀರು ತೊಟ್ಟಿಕ್ಕಿತು. ಒಂದು ಕೈ. ತಣ್ಣನೆಯ ಕೈ. ಸೆರಗಿನಡಿ ಬಂತು. ಎದೆಯ ಹತ್ತಿರ ತಡವರಿಸಿತು. ಕೆಳಗಿಳಿಯಿತು. ಹೊಕ್ಕುಳ ಮೇಲೆ ನಿಂತಿತು. ಒತ್ತಿತು. ಅವಳು ಕೂಗಿದಳು. ಕೂಗು ಹೊರಡಲಿಲ್ಲ.

"ದಕ್ಕೆ ಬಂತು, ಇಳೀರಿ ಇಳೀರಿ," ಮುದ್ದು ಅರಚಿದ. ಬಿಸಿಲಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಹಲಗೆ ಮಾತ್ರ ಒದ್ದೆಯಿತ್ತು.

ಲ್ಯಾಬಿನ ಡೆರಿಲ್ ಡಬ್ಬಿಯ ಟೇಪನ್ನು ಅವಳೆದುರೇ ಬಿಡಿಸಿದ. ಬೆಳಕಿಗೆ ಹಿಡಿದ. ಮೂಸಿದ.

"ಎಂತ ಮಾರಾಯ್ರೆ ಇದು? ಉಪ್ಪುನೀರು ತಂದಿದ್ದೀರಾ?"

ಅವಳು ಡಬ್ಬಿಯನ್ನು ತೆಗೆದುಕೊಂಡು ತಾನೂ ಮೂಸಿದಳು.

ಆ ತಿಂಗಳು ಅವಳು ಮುಟ್ಟಾಗಲಿಲ್ಲ. ಮೆಡಿಕಲ್‌ನಿಂದ ತಂದ ಕಡ್ಡಿಯಲ್ಲಿ ಎರಡು ಗೆರೆ ಮೂಡಿದವು. ನಾಲ್ಕು ವರ್ಷ ಕಾದ ಎರಡು ಗೆರೆ. ಅದನ್ನು ನೋಡುತ್ತಾ ಬಚ್ಚಲಲ್ಲಿ ಕೂತಳು. ಖುಷಿ ಬರುತ್ತದೋ ಎಂದು ಕಾದಳು. ಬರಲಿಲ್ಲ. ಭಯವೂ ಬರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟರೆ ಐಸ್ ಪೆಟ್ಟಿಗೆ ಮುಟ್ಟಿದಂತಿತ್ತು.

ಸುದ್ದಿ ಕೇಳಿದ ರೂಪೇಶ್ ನಗಲಿಲ್ಲ. ಮರುದಿನ ಯಾರಿಗೂ ಹೇಳದೆ ಕೂಳೂರು ಸುತ್ತಿ ಬಸ್ಸಿನಲ್ಲಿ ಬಲ್ಮಠಕ್ಕೆ ಹೋದ. ತಾನೇ ಕೊಟ್ಟು, ಕಾದು, ಫಲ ಕೇಳಿಕೊಂಡು ಬಂದ. ಊಟಕ್ಕೆ ಕೂತಾಗ ಅನ್ನ ಕಲಸುತ್ತಾ ಹೇಳಿದ.

"ನನ್ನಲ್ಲಿ ಬೀಜ ಒಂದೂ ಇಲ್ಲವಂತೆ. ಆ ಮಂಗನಬಾವಿನ ಜ್ವರದಲ್ಲೇ ಹೋಗಿರ್ಬೇಕು ಅಂದ್ರು."

ಮಗು ಯಾರದ್ದೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವಳು ಫೆರಿಯ ಕತೆಯನ್ನಾದರೂ ಹೇಳಬಹುದಿತ್ತು. ಕೈತೊಳೆದು, ಚಾಪೆ ಸುತ್ತಿಕೊಂಡು ದೋಣಿಗೆ ಹೋದ. ಅಂದಿನಿಂದ ಅಲ್ಲೇ ಮಲಗುತ್ತಿದ್ದ. ಬಾಗಿ ಮಾತ್ರ ಎಲ್ಲ ಗೊತ್ತಿದ್ದವಳಂತೆ ಸೊಸೆಯ ಹೊಟ್ಟೆಯನ್ನೊಮ್ಮೆ ನೋಡಿ, ತಟ್ಟೆಯಲ್ಲಿದ್ದ ಮೀನಿನ ಮೊಟ್ಟೆಯನ್ನು ಬೇಲಿಯಾಚೆ ಬೆಕ್ಕಿಗೆ ಸುರಿದಳು. ಬೆಕ್ಕು ಪ್ರಣೀತಾಳನ್ನು ಕಂಡು ಹತ್ತಿರ ಬರಲಿಲ್ಲ.

ಐದನೇ ತಿಂಗಳಿಗೆ ಸ್ಕ್ಯಾನಿಂಗ್. ಬಾಗಿ ಜೊತೆಗೆ ಬಂದಳು. ಈ ಸಲ ಕೂಳೂರು ಸುತ್ತಿಯೇ ಹೋದರು. ಬಸ್ಸು ಸೇತುವೆಯ ಮೇಲೆ ಬಂದಾಗ ಒಳಗಿದ್ದದ್ದು ಮೊದಲ ಬಾರಿಗೆ ಅಲುಗಿತು. ನೀರಿನ ಕಡೆಗೆ ಹೊರಳಿತು.

ಕೋಣೆಯಲ್ಲಿ ಕತ್ತಲೆಯಿತ್ತು. ಡಾಕ್ಟರ್ ರೀಮಾ ಜೆಲ್ ಹಚ್ಚಿದರು. "ಸ್ವಲ್ಪ ತಂಪಾಗ್ತದೆ ಹಾಂ," ಎಂದವರು ಹೊಟ್ಟೆ ಮುಟ್ಟಿದ ಕೂಡಲೇ ಕೈ ಹಿಂದೆಗೆದರು. ಮತ್ತೆ ಒತ್ತಿದರು. ಸ್ಪೀಕರಿನಿಂದ ಎದೆಬಡಿತ ಬರಲಿಲ್ಲ. ಹಲಗೆಗೆ ನೀರು ಬಡಿಯುವ ಸದ್ದು ಬಂತು. ತಪ್. ತಪ್. ಎ.ಸಿ.ಯ ಗಾಳಿಯಲ್ಲಿ ಓಮದ ಹೊಗೆಯ ವಾಸನೆ. ಡಾಕ್ಟರ್ ಸ್ಪೀಕರ್ ಆಫ್ ಮಾಡಿದರು. ಪರದೆಯನ್ನು ಮೆಲ್ಲನೆ ತನ್ನ ಕಡೆಗೆ ತಿರುಗಿಸಿಕೊಂಡರು. ನೋಡುತ್ತಲೇ ನಿಂತರು. ನರ್ಸ್ ಗೋಡೆಗೆ ಒರಗಿ ಶಿಲುಬೆಯ ಗುರುತು ಹಾಕಿಕೊಂಡಳು. ಬಾಗಿಲ ಬಳಿಯಿದ್ದ ಅತ್ತೆ ನೆಲ ನೋಡುತ್ತಿದ್ದಳು.

ಪ್ರಣೀತಾ ಸೀರೆ ಸರಿಪಡಿಸಿಕೊಳ್ಳಲಿಲ್ಲ. ಅಳಲೂ ಇಲ್ಲ. ಅಂಗಡಿಯಲ್ಲಿ ಏನನ್ನೋ ಕೇಳುವಂತೆ ಕೇಳಿದಳು.

"ಡಾಕ್ಟ್ರೇ, ನನಗೂ ಒಮ್ಮೆ ತೋರಿಸಿ."

ಪರದೆಯ ನೀಲಿ ಬೆಳಕು ಡಾಕ್ಟರ ಮುಖದ ಮೇಲೆ ಅಲೆಯಂತೆ ಆಡುತ್ತಿತ್ತು.

"ಒಮ್ಮೆ ತೋರಿಸಿ."