ಆಕ್ಷೇಪಣೆ ಇದ್ದವರು ಎದ್ದು ನಿಲ್ಲಿ

“ನೀನಾ...? ನೀನು ಬಂದ್ಯಾ?”

ಸಭಾಂಗಣದ ಬಾಗಿಲಲ್ಲೇ ಇಬ್ಬರೂ ಎದುರಾದರು. ಅವನು ಎತ್ತಿಕೊಂಡಿದ್ದ ಕುರ್ಚಿಯನ್ನು ಕೆಳಗಿಡುವುದನ್ನೂ ಮರೆತ. ಒಂದು ವರ್ಷದ ಮೇಲೆ ಅವಳನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದ. ಮುಖ ಅರಳಿಯೇಬಿಟ್ಟಿತು, ಪಾಪ!

“ಯಾಕೆ, ಬರಬಾರದಿತ್ತಾ?”

“ಅಯ್ಯೋ, ಹಾಗಲ್ಲ... ತುಂಬಾ ಖುಷಿಯಾಯ್ತು.”

‘ಪಡು... ಇನ್ನು ಅರ್ಧ ಗಂಟೆ ಚೆನ್ನಾಗಿ ಖುಷಿಪಡು!’ ಹಲ್ಲು ಕಚ್ಚಿಕೊಂಡು ಅವಳು ಒಳಗೆ ನಡೆದಳು.

ನರ್ಸಿಂಗ್ ಓದುವ ಈ ಹುಡುಗಿಗೆ ಹಾಸ್ಟೆಲ್‌ನಲ್ಲಿ ಕಿಡಿ ಎಂದೇ ಹೆಸರು. ಸುಮ್ಮನೆ ಬಂದ ಹೆಸರಲ್ಲ ಬಿಡಿ. ಅವನು ಫಾರ್ಮಸಿ ಮುಗಿಸಿದವನು, ಕಾಲೇಜಿನ ಪ್ರಾರ್ಥನಾ ಕೂಟದ ನಾಯಕ. ಗಡ್ಡ ಸರಿಯಾಗಿ ಮೂಡುವ ಮೊದಲೇ ಗೆಳೆಯರು ಅವನಿಗೆ ‘ಪಾಸ್ಟ್ರು’ ಎಂದು ಅಡ್ಡಹೆಸರು ಇಟ್ಟಿದ್ದರು.

ಇವತ್ತು ಆ ಹೆಸರು ನಿಜವಾಗುವ ದಿನ. ವಿದ್ಯಾರ್ಥಿಗಳ ನಡುವೆ ಪೂರ್ಣಾವಧಿ ದೇವರ ಸೇವೆಗೆ ಅವನನ್ನು ತಲೆಗೆ ಎಣ್ಣೆ ಹಾಕಿ ಪ್ರತಿಷ್ಠೆ ಮಾಡಿ ಕಳಿಸುತ್ತಾರೆ. ಅದಕ್ಕೆ ಮೊದಲು ಚರ್ಚಿನ ಸಭಾಪಾಲಕರು ಎಲ್ಲರ ಮುಂದೆ ಒಂದು ಪ್ರಶ್ನೆ ಕೇಳುತ್ತಾರೆ. ‘ಇವನ ಮೇಲೆ ಆಕ್ಷೇಪಣೆ ಇದ್ದವರು ಎದ್ದು ನಿಲ್ಲಿ.’ ಇಷ್ಟು ವರ್ಷಗಳಲ್ಲಿ ಯಾರೂ ಎದ್ದಿರಲಿಲ್ಲ.

ಕಿಡಿ ಬಂದಿದ್ದೇ ಅದಕ್ಕೆ.

ಅವನು ಮಾಡಿದ್ದಾದರೂ ಏನು ಅಂತೀರಾ?

ಅವಳ ಅಪ್ಪ ಬಸ್ ಡ್ರೈವರ್. ಕುಡಿದು ಓಡಿಸಿ ಒಬ್ಬರ ಜೀವ ತೆಗೆದು ಜೈಲು ಸೇರಿದ್ದ. ಈ ಮಾತನ್ನು ಅವಳು ಹೇಳಿದ್ದು ಇವನೊಬ್ಬನಿಗೇ, ಲೈಬ್ರರಿ ಹಿಂದಿನ ಮೆಟ್ಟಿಲ ಮೇಲೆ ಕೂತು ಅಳುತ್ತಾ. ಆಗ ಅವನ ಮೇಲೆ ಅವಳಿಗೆ ಮನಸ್ಸೂ ಇತ್ತು. ಅದನ್ನು ಹೇಳುವುದಷ್ಟೇ ಬಾಕಿ ಇತ್ತು!

ಆ ಶುಕ್ರವಾರವೇ ಇದೇ ಸಭಾಂಗಣದಲ್ಲಿ, ತುಂಬಿದ ಕೂಟದಲ್ಲಿ ಹೊಸ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಜೋರಾಗಿ ಬೇಡಿಕೊಂಡಳು: “ಕರ್ತನೇ, ನಮ್ಮ ಈ ಸಹೋದರಿಯ ತಂದೆಯನ್ನು ಸೆರೆಮನೆಯಿಂದ ಬಿಡಿಸು!”

ಎಲ್ಲರೂ “ಆಮೆನ್” ಎಂದರು. ಆಮೇಲೆ ಎಲ್ಲರ ಕಣ್ಣೂ ಅವಳ ಕಡೆಗೇ ತಿರುಗಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾರ ಕಳೆಯುವುದರೊಳಗೆ ಹಾಸ್ಟೆಲ್‌ನಲ್ಲಿ ಯಾರದೋ ಉಂಗುರ ಕಳೆಯಿತು. ಮೊದಲು ತೆಗೆಸಿದ್ದು ಇವಳ ಪೆಟ್ಟಿಗೆಯನ್ನೇ! ಉಂಗುರ ಸಿಕ್ಕಿದ್ದು ಕಳೆದುಕೊಂಡವಳ ದಿಂಬಿನ ಕೆಳಗೆ. ಯಾರೂ ಕ್ಷಮೆ ಕೇಳಲಿಲ್ಲ. ಅವತ್ತೇ ಅವಳು ಕೂಟ ಬಿಟ್ಟಳು. ಮಾತಾಡಲು ಬಂದ ಪಾಸ್ಟ್ರುವಿನ ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿದಳು.

ಈಗ ಆ ಪ್ರಶ್ನೆ ಬಂತು.

“ಆಕ್ಷೇಪಣೆ ಇದ್ದವರು ಎದ್ದು ನಿಲ್ಲಿ.”

ಅವಳು ಎದ್ದಳು. ಪಕ್ಕದಲ್ಲಿದ್ದ ಅಕ್ಕ ಸೆರಗು ಎಳೆದಳು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಅವಳದೇ ರೂಮಿನ ಸೀನಿಯರ್, ಹುಡುಗಿಯರ ಬೈಬಲ್ ವಾಕ್ಯ ಅಧ್ಯಯನ ನಡೆಸುವವಳು.

“ಕೂತ್ಕೊಳೇ... ಬೇಡ ಕಣೇ!”

“ಬಿಡಕ್ಕ!” ಎಂದವಳು ಮುಂದಕ್ಕೆ ತಿರುಗಿದಳು. “ಇವನನ್ನ ನಂಬಿ ಹುಡುಗ ಹುಡುಗಿಯರು ಮನಸ್ಸು ಬಿಚ್ಚಬೇಕಂತೆ. ನಾನೂ ಬಿಚ್ಚಿದ್ದೆ. ನನ್ನ ಮನೆ ಮಾನ ಇದೇ ಜಾಗದಲ್ಲಿ ಹರಾಜಾಯ್ತು. ಇಂಥವನನ್ನ ಕಳಿಸ್ತೀರಾ? ಕೇಳಿ ಅವನನ್ನ, ಸುಳ್ಳಾ ಅಂತ!”

ಅವನು ತಲೆ ತಗ್ಗಿಸಿದ. “ನಿಜ. ನನ್ನ ಬಾಯಿಂದಲೇ ಹೊರಗೆ ಬಿದ್ದಿದ್ದು.”

ಅಭಿಷೇಕದ ಎಣ್ಣೆಗೆ ಚಾಚಿದ್ದ ಕೈಯನ್ನು ಸಭಾಪಾಲಕರು ಹಿಂದಕ್ಕೆ ತೆಗೆದರು. “ಹಾಗಾದ್ರೆ ಇವತ್ತು ಆಗಲ್ಲ, ಮಗಾ. ಎದ್ದವರೇ ಹಿಂದಕ್ಕೆ ತಗೊಳ್ಳೋವರೆಗೂ ನಿನ್ನನ್ನ ಕಳಿಸೋ ಹಾಗಿಲ್ಲ.”

ಗೆದ್ದಳು! ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಕೆಂಡವನ್ನು ಅವನ ತಲೆ ಮೇಲೆ ಸುರಿದಾಗಿತ್ತು. ಎಷ್ಟು ಹಾಯಾಗಿತ್ತು ಗೊತ್ತಾ! ಗುಂಪಿನ ಮಧ್ಯೆ ಬರಿಗೈಯಲ್ಲಿ ನಿಂತಿದ್ದ ಅವನನ್ನು ಕಣ್ತುಂಬ ನೋಡಿದಳು.

ಅಷ್ಟರಲ್ಲಿ ಅಕ್ಕ ಅವಳ ರಟ್ಟೆ ಹಿಡಿದು ವರಾಂಡಕ್ಕೆ ಎಳೆದೊಯ್ದಳು. ಗೋಡೆಗೆ ಒರಗಿ ಬಿಕ್ಕಿದಳು.

“ನಾನು ಕಣೇ... ಹರಡಿದ್ದು ನಾನು!”

“ಏನು?”

“ಪ್ರಾರ್ಥನೆ ಕೋಣೆಯಲ್ಲಿ ಅವನು ಒಬ್ಬನೇ ಇದೀನಿ ಅಂದ್ಕೊಂಡು ಬಾಯಿಬಿಟ್ಟು ಬೇಡ್ಕೊಳ್ತಿದ್ದ. ನಿನ್ನ ಹೆಸರು, ನಿಮ್ಮಪ್ಪನ ವಿಷಯ, ಎಲ್ಲಾ ಹೇಳಿ ಅಳ್ತಿದ್ದ. ಪ್ಲೈವುಡ್ ಗೋಡೆ ಆಚೆ ನಾನಿದ್ದೆ. ನಾಲ್ಕು ಜನ ಸೇರಿ ಬೇಡಿದ್ರೆ ಒಳ್ಳೇದಲ್ವಾ ಅಂತ ಹುಡುಗಿಯರಿಗೆ ಹೇಳ್ದೆ. ಯಾರಿಗೂ ಹೇಳ್ಬೇಡಿ, ಪ್ರಾರ್ಥನೆ ಮಾತ್ರ ಮಾಡಿ ಅಂದೆ...”

ನೋಡಿ, ಚಾಡಿಗೆ ಭಕ್ತಿಯ ಬಟ್ಟೆ ತೊಡಿಸಿದರೆ ಹೀಗೇ ಆಗುವುದು!

“ವರ್ಷ ಪೂರ್ತಿ ನಾನು ಅವನನ್ನ ಬೈತಿದ್ದೆ. ನೀನೂ ಹೂಂಗುಟ್ತಿದ್ದೆ!” ಕಿಡಿ ಅವಳ ಕೈ ಕೊಡವಿದಳು.

“ಅವನ ಹತ್ರ ತಪ್ಪು ಒಪ್ಕೊಂಡಿದ್ದೆ. ಅವನೇ ಬಾಯಿ ಕಟ್ಟಿಸಿದ. ‘ಅವಳಿಗೆ ಉಳಿದಿರೋದು ನೀನೊಬ್ಬಳೇ. ನಿನ್ನನ್ನೂ ಕಳ್ಕೊಂಡ್ರೆ ಒಂಟಿ ಆಗ್ತಾಳೆ. ಸಿಟ್ಟು ನನ್ನ ಮೇಲೇ ಇರ್ಲಿ’ ಅಂದ. ನಾನೂ ಹೇಡಿ, ಸುಮ್ಮನಾದೆ.” ಅಕ್ಕ ಕಣ್ಣೊರೆಸಿಕೊಂಡಳು. “ಇನ್ನೊಂದಿದೆ. ಅವತ್ತು ಕೇಳಿದ್ರಲ್ಲಿ ಅರ್ಧ ಮಾತ್ರ ಹೊರಗೆ ಹೇಳಿದ್ದೆ. ‘ಅವಳ ಕಷ್ಟ ಹೊರೋಕೆ ಜೊತೇಲಿ ಒಬ್ಬ ಬೇಕಾದ್ರೆ, ಅದು ನಾನೇ ಆಗ್ಲಿ ಕರ್ತನೇ...’ ಅಂತಾನೂ ಬೇಡ್ಕೊಂಡ.”

ಕಿಡಿ ಸಭಾಂಗಣದ ಕಡೆ ತಿರುಗಿ ನೋಡಿದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ‘ಏನು ಮಾಡಿಬಿಟ್ಟೆ ನಾನು...!’

“ಅಕ್ಕ, ಇವತ್ತು ನನ್ನನ್ನ ಮಾತಾಡಿಸ್ಬೇಡ. ನಾಳೆನೂ ಬೇಡ. ಮನಸ್ಸು ಬಂದಾಗ ನಾನೇ ಬರ್ತೀನಿ.”

ಅಷ್ಟು ಹೇಳಿ ನೇರ ಒಳಗೆ ನುಗ್ಗಿದಳು. ಯಾರೂ ಇನ್ನೂ ಎದ್ದು ಹೋಗಿರಲಿಲ್ಲ. ಗುಸುಗುಸು ನಡೆದೇ ಇತ್ತು.

“ಅಯ್ಯನೋರೇ, ನನ್ನ ಆಕ್ಷೇಪಣೆ ಹಿಂದಕ್ಕೆ ತಗೊಳ್ತೀನಿ. ಅವನ ಮೇಲಿಂದ ಮಾತ್ರ! ಅವನು ದೇವರ ಹತ್ರ ಹೇಳಿದ್ದ. ಊರಿಗೆ ಹೇಳಿದ್ದು ಇಲ್ಲಿ ಕೂತಿರೋ ನೀವೆಲ್ಲ. ಕಣ್ಣು ಮುಚ್ಚಿದ್ರಿ, ಕಿವಿ ಮಾತ್ರ ತೆರೆದಿದ್ರಿ. ನನ್ನ ಪೆಟ್ಟಿಗೆ ತೆಗೆಸಿದವರೂ ಇಲ್ಲೇ ಕೂತಿದ್ದೀರಿ. ನಿಮ್ಮನ್ನ ನಾನಿನ್ನೂ ಕ್ಷಮಿಸಿಲ್ಲ!”

ಸಭಾಪಾಲಕರೇ ಮೊದಲು ಎದ್ದು ಅವಳಿಗೆ ಕೈ ಮುಗಿದರು. “ತಪ್ಪಾಯ್ತಮ್ಮ.” ಆಮೇಲೆ ಒಬ್ಬೊಬ್ಬರೇ ಎದ್ದು ನಿಂತರು. ಅದಾದ ಮೇಲೆಯೇ ಅವನ ತಲೆಗೆ ಎಣ್ಣೆ ಬಿದ್ದದ್ದು.

ಜನ ಕರಗಿದ ಮೇಲೆ ಅವಳು ಅವನೆದುರು ನಿಂತಳು.

“ಒಂದು ವರ್ಷ ಬೈಸ್ಕೊಂಡ್ಯಲ್ಲ, ನಾಲಿಗೆ ಬಿದ್ದುಹೋಗಿತ್ತಾ? ಇವತ್ತಾದ್ರೂ ಹೇಳ್ಬಹುದಿತ್ತಲ್ಲ!”

“ಬಾಯಿಬಿಟ್ಟು ನಿನ್ನ ಒಂದ್ಸಲ ಅಳಿಸಿದ್ದೆ. ಮತ್ತೆ ಧೈರ್ಯ ಬರ್ಲಿಲ್ಲ.”

“ದೇವರ ಹತ್ರ ನನ್ನ ಬಗ್ಗೆ ಏನೋ ಕೇಳಿದ್ಯಂತೆ?”

ಅವನ ಕಿವಿ ಕೆಂಪಾಯಿತು. “ಅಕ್ಕ ಅದನ್ನೂ ಹೇಳ್ಬಿಟ್ಳಾ...?”

“ನನ್ನ ಹತ್ರ ಕೇಳು ಮಾರಾಯ! ಉತ್ತರ ಕೊಡ್ಬೇಕಾದವಳು ನಾನು ತಾನೇ?”

“ನಿನ್ನನ್ನ ಪ್ರೀತಿಸ್ತೀನಿ. ನನ್ನ ಜೊತೆ ಇರ್ತೀಯಾ?”

ತಡೆದಿಟ್ಟ ಅಳು ಆಗ ಒಡೆಯಿತು. ಅಳುತ್ತಲೇ ಅವನ ಕೈ ಹಿಡಿದಳು.

“ಶನಿವಾರ ಅಪ್ಪನ್ನ ನೋಡೋಕೆ ಜೈಲಿಗೆ ಹೋಗ್ತೀನಿ. ಇಷ್ಟು ದಿನ ಯಾರನ್ನೂ ಕರ್ಕೊಂಡು ಹೋಗಿಲ್ಲ. ನೀನು ಬರ್ತೀಯಾ?”

“ಬರ್ತೀನಿ. ಗೇಟಲ್ಲಿ ಯಾರು ಅಂತ ಕೇಳಿದ್ರೆ ಏನ್ ಹೇಳ್ತೀಯಾ?”

“ನನ್ನವನು ಅಂತೀನಿ.”